ಪುಡಿಯಾದ ಎಲೆಯ ಗುರುತು

ಗ್ರಂಧಿಗೆ ಅಂಗಡಿಯಲ್ಲಿ ಬೇರು, ತೊಗಟೆ, ಬೀಜ, ಒಣ ಎಲೆಗಳು ಚೀಲಗಳಲ್ಲಿ ಸಾಲಾಗಿ ನಿಂತಿರುತ್ತವೆ. ಗಿಡವಾಗಿದ್ದಾಗ ಹೂವಿನಿಂದಲೋ ಕಾಯಿಯಿಂದಲೋ ಸುಲಭವಾಗಿ ಗುರುತಿಸಬಹುದಾಗಿದ್ದ ಸಸ್ಯ ಚೀಲವನ್ನು ಸೇರಿದೊಡನೆ ತನ್ನ ಹೆಸರನ್ನು ಕಳೆದುಕೊಂಡಂತಾಗುತ್ತದೆ. ಕುಟ್ಟಿ ಪುಡಿ ಮಾಡಿದ ಮೇಲಂತೂ ಎಲ್ಲ ಎಲೆಗಳೂ ಒಂದೇ ಬಗೆಯ ಹಸಿರುಗಂದು ಧೂಳಾಗಿ ತೋರುತ್ತವೆ.

ಸೋನಾಮುಖಿ ಎಂದೂ ಹೆಸರುಳ್ಳ ನೆಲಾವರಿಕೆಯ ಎಲೆ ಮಲಬದ್ಧತೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಔಷಧ. ಅದರ ಸಮೀಪದ ಬಂಧು ಆವರಿಕೆ. ಒಣಭೂಮಿಯಲ್ಲಿ ಹಳದಿ ಹೂಗಳನ್ನು ತುಂಬಿಕೊಂಡು ನಿಲ್ಲುವ ಈ ಪೊದೆಯನ್ನು ತಂಗಡಿ ಎಂದೂ ಕರೆಯುವರು. ಚರ್ಮ ಹದ ಮಾಡಲು ಇದರ ತೊಗಟೆ ಹೆಸರುವಾಸಿಯಾದುದು. ಆದರೆ ಇದರ ಎಲೆ ನೆಲಾವರಿಕೆಯ ಎಲೆಗೆ ಬದಲಿಯಾಗಲಾರದು. ಹಾಗಿದ್ದರೂ ಎರಡೂ ಕಲಬೆರಕೆಯಾಗುವುದುಂಟು. ಕಲಬೆರಕೆಯ ಪುಡಿಯನ್ನು ಸೇವಿಸಿದ ರೋಗಿ ಗುಣ ಕಾಣದೆ ಮರುದಿನ ಪ್ರಮಾಣವನ್ನು ಇಮ್ಮಡಿಸಿದನೆನ್ನೋಣ. ಆಗ ಕೈಗೆ ಬಂದದ್ದು ಶುದ್ಧವಾದ ನೆಲಾವರಿಕೆಯಾದರೆ ಹೊಟ್ಟೆ ನುಲಿತದಿಂದ ನರಳಬೇಕಾಗುತ್ತದೆ. ಗುರುತು ಹಿಡಿಯುವ ವಿದ್ಯೆ ಕೇವಲ ಪಂಡಿತರ ಕುತೂಹಲವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಪುಡಿಯನ್ನು ಪರೀಕ್ಷಿಸುವವರು ಅದರ ಒಂದು ಚಿಟಿಕೆಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಕಾಯಿಸುತ್ತಾರೆ. ಎಲೆಯ ಬಣ್ಣ ಕಳೆದು ಚೂರುಗಳು ಗಾಜಿನಂತೆ ಪಾರದರ್ಶಕವಾಗುತ್ತವೆ. ಅವುಗಳನ್ನು ಸೂಕ್ಷ್ಮದರ್ಶಕದ ಕೆಳಗಿರಿಸಿದರೆ ಎಲೆಯ ಹೊರಪೊರೆಯ ಜೀವಕೋಶಗಳು ನೆಲಕ್ಕೆ ಹಾಸಿದ ಕಲ್ಲುಗಳಂತೆ ಒಂದಕ್ಕೊಂದು ಹೊಂದಿಕೊಂಡಿರುವುದು ಕಾಣುತ್ತದೆ. ನಡುನಡುವೆ ಎರಡೆರಡು ಕಾವಲು ಕೋಶಗಳಿಂದ ಕೂಡಿದ ಪತ್ರರಂಧ್ರಗಳು. ಎಲೆ ಉಸಿರಾಡುವುದೂ ನೀರಾವಿಯನ್ನು ಹೊರಬಿಡುವುದೂ ಹೆಚ್ಚಾಗಿ ಇವುಗಳ ಮೂಲಕವೇ. ನೆಲಾವರಿಕೆಯಲ್ಲಿ ಪ್ರತಿಯೊಂದು ರಂಧ್ರದ ಇಕ್ಕೆಲಗಳಲ್ಲಿಯೂ ಅದಕ್ಕೆ ಸಮಾನಾಂತರವಾಗಿ ಒಂದೊಂದು ಸಹಾಯಕ ಕೋಶ ಸಾಮಾನ್ಯವಾಗಿ ಇರುತ್ತದೆ. ಅದರ ರೋಮಗಳು ಏಕಕೋಶದವು. ಗಿಡ್ಡ, ದಪ್ಪ ಗೋಡೆಯವು, ಮೈಮೇಲೆ ನರುಳೆಗಳಂಥ ಉಬ್ಬುಗಳುಳ್ಳವು. ಆವರಿಕೆಯ ಎಲೆಯ ರೋಮಗಳಾದರೋ ಹೆಚ್ಚು ಉದ್ದವಾದುವು. ಇನ್ನೂ ಸಂಶಯ ಉಳಿದರೆ ಗಂಧಕಾಮ್ಲದಿಂದ ಪರೀಕ್ಷಿಸುವುದುಂಟು. ಆವರಿಕೆಯ ಪುಡಿ ಕಡುಗೆಂಪು ಬಣ್ಣಕ್ಕೆ ತಿರುಗುತ್ತದೆ.

ಕಂಡದ್ದನ್ನೆಲ್ಲ ಲೆಕ್ಕ ಹಾಕಿದ ಮಾತ್ರಕ್ಕೆ ಗುರುತು ಸಿಕ್ಕಿತೆಂದು ಭಾವಿಸಲಾಗದು. ಒಂದು ಚದರ ಮಿಲಿಮೀಟರಿನಲ್ಲಿ ಎಷ್ಟು ಪತ್ರರಂಧ್ರಗಳಿವೆ ಎಂದು ಎಣಿಸುವುದು ಸುಲಭ. ಆದರೆ ಒಂದೇ ಗಿಡದಲ್ಲಿ ಬಿಸಿಲಿಗೆ ಒಡ್ಡಿದ ಎಲೆಗೂ ನೆರಳಿನಲ್ಲಿರುವ ಎಲೆಗೂ ಈ ಸಂಖ್ಯೆ ಬೇರೆಯಾಗುತ್ತದೆ. ನೆರಳಿನ ಎಲೆಯಲ್ಲಿ ಜೀವಕೋಶಗಳು ಹಿಗ್ಗಿ ದೊಡ್ಡವಾಗುವುದರಿಂದ ರಂಧ್ರಗಳು ದೂರ ದೂರ ಸರಿಯುತ್ತವೆ. 1927ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಸಾಲಿಸ್‌ಬರಿ ಇದಕ್ಕೊಂದು ಉಪಾಯವನ್ನು ಸೂಚಿಸಿದರು. ವಿಸ್ತೀರ್ಣವನ್ನು ಬಿಟ್ಟು, ಹೊರಪೊರೆಯ ಒಟ್ಟು ಘಟಕಗಳಲ್ಲಿ ರಂಧ್ರಗಳ ಪಾಲು ಶೇಕಡ ಎಷ್ಟೆಂದು ನೋಡಬೇಕು. 165 ಸಾಮಾನ್ಯ ಕೋಶಗಳ ನಡುವೆ 35 ರಂಧ್ರಗಳಿದ್ದರೆ ಒಟ್ಟು 200ಕ್ಕೆ 35, ಅಂದರೆ 17.5. ಇದೇ ಪತ್ರರಂಧ್ರ ಸೂಚ್ಯಂಕ. ಕೋಶಗಳು ಹಿಗ್ಗಲಿ, ಕುಗ್ಗಲಿ, ಈ ಪಾಲು ಅಷ್ಟಾಗಿ ಬದಲಾಗುವುದಿಲ್ಲ. ಸರಳವಾದ ಈ ಭಾಗಾಕಾರದಲ್ಲಿ ಅಡಗಿರುವ ಜಾಣ್ಮೆ ಮೆಚ್ಚತಕ್ಕದ್ದು.

ನೆಲಾವರಿಕೆ ಮಾರುಕಟ್ಟೆಗೆ ಎರಡು ಹೆಸರುಗಳಿಂದ ಬಂದಿತು. ತಮಿಳುನಾಡಿನ ತಿರುನೆಲ್ವೇಲಿಯ ಕಡೆ ಬೆಳೆಯುವುದು ಒಂದು. ನೈಲ್ ನದಿಯ ಸೀಮೆಯಿಂದ ಅಲೆಕ್ಸಾಂಡ್ರಿಯಾ ಬಂದರಿನ ಮೂಲಕ ಸಾಗುತ್ತಿದ್ದುದು ಇನ್ನೊಂದು. ತಿರುನೆಲ್ವೇಲಿಯ ಎಲೆಯ ಸೂಚ್ಯಂಕ ಸಾಮಾನ್ಯವಾಗಿ 17.5ರ ಆಸುಪಾಸಿನಲ್ಲಿಯೂ ಅಲೆಕ್ಸಾಂಡ್ರಿಯಾದ್ದು 12.5ರ ಆಸುಪಾಸಿನಲ್ಲಿಯೂ ಇರುತ್ತದೆ. ಆದುದರಿಂದ ಪುಡಿ ಎಲ್ಲಿಯದೆಂದು ಹೇಳುವುದು ಸಾಧ್ಯವಾಯಿತು. ಬಹುಕಾಲ ಇವೆರಡನ್ನು ಎರಡು ಪ್ರಭೇದಗಳೆಂದೇ ಎಣಿಸಲಾಗಿತ್ತು. ಇಂದು ಅನೇಕ ಸಸ್ಯವಿಜ್ಞಾನಿಗಳು ಎರಡನ್ನೂ ಸೆನ್ನಾ ಅಲೆಕ್ಸಾಂಡ್ರಿನಾ ಎಂಬ ಒಂದೇ ಪ್ರಭೇದದಲ್ಲಿ ಸೇರಿಸುತ್ತಾರೆ. ಸೂಕ್ಷ್ಮದರ್ಶಕ ತೋರಿಸುವ ವ್ಯತ್ಯಾಸ ಸುಳ್ಳಲ್ಲ. ಆದರೆ ಯಾವ ವ್ಯತ್ಯಾಸಕ್ಕೆ ಎಷ್ಟು ಬೆಲೆ ಕೊಡಬೇಕೆಂಬುದನ್ನು ಯಂತ್ರ ಹೇಳಲಾರದು.

ಎಲೆಯಂತೆಯೇ ಪರಾಗರೇಣುವಿಗೂ ತನ್ನದೇ ಆದ ಗುರುತುಗಳಿವೆ. ರೇಣುವಿನ ಗಾತ್ರ ಸಾಮಾನ್ಯವಾಗಿ ಮಿಲಿಮೀಟರಿನ ಕೆಲವೇ ನೂರನೆಯ ಭಾಗಗಳಷ್ಟು. ಅದರ ಹೊರಗೋಡೆ ಮಾತ್ರ ಸೃಷ್ಟಿಯ ಅತ್ಯಂತ ಗಟ್ಟಿಯಾದ ವಸ್ತುಗಳಲ್ಲೊಂದು. ಪ್ರಬಲವಾದ ಆಮ್ಲಗಳಿಗೂ ಜಗ್ಗುವುದಿಲ್ಲ. ಒಳಗಿನದನ್ನೆಲ್ಲ ಆಮ್ಲದಿಂದ ಕರಗಿಸಿದರೆ ಗೋಡೆಯ ಮೇಲಿನ ಗೀರು, ಮುಳ್ಳು, ಜಾಲರಿಗಳು ಸ್ಪಷ್ಟವಾಗಿ ಕಾಣುತ್ತವೆ. ಜೇನುತುಪ್ಪದಲ್ಲಿ ಉಳಿದ ರೇಣುಗಳಿಂದ ಜೇನು ಯಾವ ಹೂವಿನದೆಂದು ತಿಳಿಯುವುದೂ ಹೀಗೆಯೇ.

ತುಳಸಿ ವಿಷ್ಣುವಿಗೆ ಪ್ರಿಯ, ತುಂಬೆ ಶಿವನಿಗೆ ಪ್ರಿಯ ಎನ್ನುವರು. ಸಸ್ಯಶಾಸ್ತ್ರ ಇವೆರಡನ್ನೂ ಒಂದೇ ಕುಟುಂಬದಲ್ಲಿ ಇರಿಸಿದೆ. ಎರಡರ ಕಾಂಡವೂ ಚೌಕ, ಎಲೆಗಳು ಎದುರು ಬದುರು, ಹೂವುಗಳು ತುಟಿಗಳಂತೆ ಸೀಳಿದವು. ಆದರೆ ರೇಣುಗಳನ್ನು ನೋಡಿದರೆ ತುಳಸಿಯದರಲ್ಲಿ ಆರು ಗೀರುಗಳು, ತುಂಬೆಯದರಲ್ಲಿ ಮೂರು. ಸ್ವೀಡನ್ನಿನ ಎರ್ಟ್‌ಮನ್ ಎಂಬ ವಿಜ್ಞಾನಿ 1945ರಲ್ಲಿ ಇಂಥ ರೇಣುಗಳನ್ನೇ ಆಧಾರವಾಗಿಟ್ಟುಕೊಂಡು ಈ ದೊಡ್ಡ ಕುಟುಂಬವನ್ನು ಇಬ್ಭಾಗ ಮಾಡಿದರು. ಹೂವನ್ನು ಮುಟ್ಟಿದ ಬೆರಳಿಗೆ ಅಂಟುವ ಪುಡಿಯಿಂದ ಸಾವಿರಾರು ಸಸ್ಯಗಳ ಮನೆತನವನ್ನು ವಿಂಗಡಿಸಿದ್ದು ಸಾಹಸವೇ ಸರಿ.

ಮುಂದೆ ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಹೋಲಿಸಿ ನೋಡುವ ವಿಧಾನ ಬಂದಾಗ ಈ ವಿಂಗಡಣೆಯ ಪರೀಕ್ಷೆಯೂ ನಡೆಯಿತು. ಆರು ಗೀರಿನ ಗುಂಪು ನಿಜವಾಗಿಯೂ ಒಂದೇ ವಂಶವೆಂದು ಸ್ಥಿರವಾಯಿತು. ಮೂರು ಗೀರಿನವೆಲ್ಲ ಒಂದೇ ವಂಶವೆಂಬುದು ನಿಲ್ಲಲಿಲ್ಲ. ಕಾರಣ ಸ್ಪಷ್ಟವಾಗಿದೆ. ಮೂರು ಗೀರು ದ್ವಿದಳ ಸಸ್ಯಗಳ ಬಹುಭಾಗಕ್ಕೆ ಪೂರ್ವಜರಿಂದ ಬಂದ ಹಳೆಯ ಆಸ್ತಿ. ಅದನ್ನು ಉಳಿಸಿಕೊಂಡವರೆಲ್ಲ ದಾಯಾದಿಗಳಾಗಬೇಕೆಂದಿಲ್ಲ. ಆರು ಗೀರು ತುಳಸಿಯ ವಂಶದಲ್ಲಿ ಹೊಸದಾಗಿ ಮೂಡಿದ ಲಕ್ಷಣ. ಆದುದರಿಂದಲೇ ಅದು ರಕ್ತಸಂಬಂಧಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.