ಬೋರ್ಡು, ಚೀಟಿ, ರಸೀದಿ: ಕಾವಲಿನ ಊರುಗಳಲ್ಲಿ ರೋಗಿಯ ಹಕ್ಕುಗಳು

ಚಿಕಿತ್ಸೆ ಕೊಡುವವರ ಓದೇನು, ಅವರ ನೋಂದಣಿ ಎಲ್ಲಿದೆ, ಬಂದಿರುವ ಕಾಯಿಲೆ ಯಾವುದು, ಖರ್ಚು ಎಷ್ಟಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳುವುದು ರೋಗಿಗೆ ಕಾನೂನೇ ಕೊಟ್ಟ ಹಕ್ಕು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಹುಲ್ಲುಗಾವಲು ಸೀಮೆಯಲ್ಲಿ ಈ ಹಕ್ಕಿಗೆ ಮೊದಲ ಅಡ್ಡಿ ದೂರ. ವರವು ಕಾವಲಿನಲ್ಲಿ 2017ರಿಂದ ಡಿಆರ್‌ಡಿಒ ಸಂಸ್ಥೆಯ ವೈಮಾನಿಕ ಪರೀಕ್ಷಾ ಕೇಂದ್ರವಿದೆ, ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರುತ್ತವೆ. ಸುತ್ತಲಿನ ಹಟ್ಟಿಗಳವರು ಮಾತ್ರ ಜ್ವರ ಬಂದ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ನಾಯಕನಹಟ್ಟಿಗೋ ಚಳ್ಳಕೆರೆಗೋ ಓಡಬೇಕು. ಕಾಯಿಲೆ ದೊಡ್ಡದಾದರೆ ಚಿತ್ರದುರ್ಗದ ಜಿಲ್ಲಾಸ್ಪತ್ರೆ, ದಾವಣಗೆರೆ, ಅಥವಾ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು. ಮೊಳಕಾಲ್ಮುರು ಕಡೆಯವರಿಗೆ ಗಡಿಯಾಚೆಯ ರಾಯದುರ್ಗ, ಅನಂತಪುರವೂ ಉಂಟು. ಇಂಥ ಕಡೆ ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂಬುದನ್ನು ಮೈ ನೆಟ್ಟಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕಾಗುತ್ತದೆ.

ಮೊದಲಿಗೆ ಮಾಹಿತಿಯ ಮಾತು. ಅನುಪಮಾ ನಿರಂಜನರ ‘ತಾಯಿ ಮಗು’ವಿನಂಥ ಪುಸ್ತಕಗಳಿಂದ ಆರೋಗ್ಯದ ವಿಷಯ ಕಲಿತ ತಲೆಮಾರಿಗೆ, ಬರೆದವರು ಡಾಕ್ಟರು ಎಂಬುದು ರಕ್ಷಾಪುಟದಲ್ಲೇ ಗೊತ್ತಾಗುತ್ತಿತ್ತು. ಮೊಬೈಲಿಗೆ ಬರುವ ವಿಡಿಯೊಗಳಲ್ಲಿ ಹೇಳುತ್ತಿರುವವರು ಯಾರು ಎಂಬುದೇ ಹೆಚ್ಚಿನ ಸಲ ತಿಳಿಯುವುದಿಲ್ಲ. ಹೇಳಿದವರ ಹೆಸರು, ಓದು, ಹೇಳಿದ ದಿನಾಂಕ ಈ ಮೂರೂ ಇಲ್ಲದ ಸಲಹೆಯನ್ನು ಬದಿಗಿಡುವುದೇ ಲೇಸು. ಸಲಹೆಯ ಕೊನೆಗೆ ಡಬ್ಬಿಯೋ ಬಾಟಲಿಯೋ ಮಾರಾಟಕ್ಕೆ ಬಂದರೆ ಅದು ಜಾಹೀರಾತು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ ಮುಂತಾದವನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ, ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು. ಸಂತೆಯಲ್ಲಿ ಮೈಕು ಹಿಡಿದು ಕೂಗುವವನಿಗೂ ಪತ್ರಿಕೆಯಲ್ಲಿ ಅರ್ಧ ಪುಟ ಹಾಕಿಸುವವನಿಗೂ ಇದು ಅನ್ವಯಿಸುತ್ತದೆ. ಅನುಮಾನ ಬಂದರೆ ಕೇಳುವುದಕ್ಕೆ ಊರಿನ ಆಶಾ ಕಾರ್ಯಕರ್ತೆ ಇದ್ದಾರೆ, 104 ಆರೋಗ್ಯ ಸಹಾಯವಾಣಿ ಇದೆ, ಮನಸ್ಸಿನ ತೊಂದರೆಗೆ 14416 ಟೆಲಿ ಮಾನಸ್ ಇದೆ.

ಡಾಕ್ಟರು ನಿಜವಾಗಿ ಡಾಕ್ಟರೇ ಎಂದು ತಿಳಿಯುವುದು ಎರಡನೆಯ ಹೆಜ್ಜೆ. ಎಂಬಿಬಿಎಸ್ ಮಾಡಿದವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನ ಇಲ್ಲವೇ ಬೇರೆ ರಾಜ್ಯದ ಪರಿಷತ್ತಿನ ರಿಜಿಸ್ಟರಿನಲ್ಲಿ ಇರಲೇಬೇಕು. ಆಯುರ್ವೇದ, ಯುನಾನಿ, ಹೋಮಿಯೋಪತಿಗಳಿಗೆ ಬೇರೆ ಮಂಡಳಿಗಳಿವೆ. ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ತೂಗುಹಾಕಬೇಕು, ಬರೆದುಕೊಡುವ ಚೀಟಿ, ಸರ್ಟಿಫಿಕೇಟು, ಹಣದ ರಸೀದಿಯ ಮೇಲೂ ನಮೂದಿಸಬೇಕು ಎನ್ನುತ್ತದೆ 2002ರ ವೈದ್ಯರ ವೃತ್ತಿ ನಡತೆಯ ನಿಯಮ. ಆ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ಹಾಕಿದರೆ ಹೆಸರು ಸಿಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿರುವ ಯಾವ ಮನೆಯಲ್ಲೂ ಆಗುವ ಕೆಲಸ. ಗಡಿ ಭಾಗದ ಹಳ್ಳಿಗಳಲ್ಲಿ ‘ಆರ್‌ಎಂಪಿ’ ಎಂದು ಕರೆಸಿಕೊಂಡು ಬ್ಯಾಗಿನಲ್ಲಿ ಸೂಜಿ, ಗ್ಲೂಕೋಸ್ ಬಾಟಲಿ ಹಿಡಿದು ಮನೆ ಬಾಗಿಲಿಗೆ ಬರುವವರ ಬಳಿ ಈ ಸಂಖ್ಯೆ ಸಾಮಾನ್ಯವಾಗಿ ಇರುವುದಿಲ್ಲ. ರಿಜಿಸ್ಟರಿನಲ್ಲಿ ಹೆಸರಿಲ್ಲದೆ ವೈದ್ಯವೃತ್ತಿ ನಡೆಸಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಮಿನಂತೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ರಾತ್ರಿ ಹೊತ್ತು ಕರೆದರೆ ಬರುವವರು ಅವರೊಬ್ಬರೇ ಎಂಬ ಮಾತು ಸುಳ್ಳಲ್ಲ. ಆದರೆ ಸೂಜಿಯಿಂದ ಅನಾಹುತವಾದ ದಿನ ಕೈಯಲ್ಲಿ ಚೀಟಿಯೂ ಇರುವುದಿಲ್ಲ, ರಸೀದಿಯೂ ಇರುವುದಿಲ್ಲ. ದೂರು ಕೊಡುವುದಕ್ಕೆ ಹಿಡಿಕೆಯೇ ಸಿಗುವುದಿಲ್ಲ.

ಡಾಕ್ಟರಿಗೆ ಒಂದು ನೋಂದಣಿಯಾದರೆ ಆಸ್ಪತ್ರೆಗೆ ಇನ್ನೊಂದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಎಲ್ಲರೂ ಕೆಪಿಎಂಇ ಎನ್ನುವುದು ಇದನ್ನೇ. ಒಂಟಿ ಕೋಣೆಯ ಕ್ಲಿನಿಕ್ಕು, ರಕ್ತ ಪರೀಕ್ಷೆಯ ಲ್ಯಾಬು, ನರ್ಸಿಂಗ್ ಹೋಮು ಎಲ್ಲವೂ ಇದರಡಿ ನೋಂದಣಿಯಾಗಬೇಕು. ನೋಂದಣಿ ಪತ್ರವೂ ದರಪಟ್ಟಿಯೂ ರೋಗಿಗಳ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು. 2024ರಲ್ಲಿ ಆರೋಗ್ಯ ಇಲಾಖೆ ಹೊರಗಿನ ಬೋರ್ಡಿನ ಮೇಲೂ ಕೆಪಿಎಂಇ ಸಂಖ್ಯೆ ಕಾಣಬೇಕೆಂದು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣದ ಬೋರ್ಡು ಇರಬೇಕೆಂದು ಸೂಚಿಸಿತು. ಓದು ಬರಹ ಬಾರದವರೂ ರಸ್ತೆಯಲ್ಲೇ ನಿಂತು ತಿಳಿಯಬಹುದಾದ ಗುರುತು ಇದು. ಹಸಿರು ಬೋರ್ಡಿನಡಿ ಅಲೋಪತಿ ಚುಚ್ಚುಮದ್ದು ನಡೆಯುತ್ತಿದ್ದರೆ ಪ್ರಶ್ನೆ ಕೇಳಬಹುದು. ತಾನು ಕಲಿಯದ ಪದ್ಧತಿಯ ಔಷಧ ಕೊಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟು 1996ರ ಪೂನಂ ವರ್ಮಾ ಪ್ರಕರಣದಲ್ಲಿ, ಅಲೋಪತಿ ಮಾತ್ರೆ ಬರೆದಿದ್ದ ಹೋಮಿಯೋಪತಿ ವೈದ್ಯರೊಬ್ಬರ ವಿಚಾರದಲ್ಲಿ ಹೇಳಿದೆ.

ಕಾವಲಿನ ಬದುಕಿಗೆ ತೀರಾ ಹತ್ತಿರದ ಪರೀಕ್ಷೆ ಹಾವಿನ ಕಡಿತ. ದನ ಕುರಿ ಹೊಡೆದುಕೊಂಡು ಹೋದವರಿಗೆ, ಶೇಂಗಾ ಕೀಳುವವರಿಗೆ, ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳಿಗೆ ಹಾವು ದಿನದ ಭಯ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ, ಅದು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ಕೇಡು. ಕಡಿತವಾದ ಕೈಕಾಲನ್ನು ಅಲುಗಿಸದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ 108ಕ್ಕೆ ಫೋನ್ ಮಾಡಬೇಕು. ಆಂಬುಲೆನ್ಸ್ ತಡವಾಗುವಂತಿದ್ದರೆ ಸಿಕ್ಕ ಗಾಡಿ ಹಿಡಿದು ಹೊರಡಬೇಕು. ಪ್ರತಿವಿಷದ ದಾಸ್ತಾನು ಎಲ್ಲಿದೆ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮುಂಗಾರಿಗೆ ಮುಂಚೆಯೇ ಕೇಳಿಟ್ಟುಕೊಂಡವರಿಗೆ ಆಗ ಗಾಡಿ ಯಾವ ದಿಕ್ಕಿಗೆ ತಿರುಗಿಸಬೇಕೆಂದು ಗೊತ್ತಿರುತ್ತದೆ. 2024ರ ಫೆಬ್ರುವರಿಯಿಂದ ಕರ್ನಾಟಕದಲ್ಲಿ ಹಾವಿನ ಕಡಿತ ಕಡ್ಡಾಯವಾಗಿ ವರದಿಯಾಗಬೇಕಾದ ಪ್ರಕರಣ. ಖಾಸಗಿ ಆಸ್ಪತ್ರೆಯೂ ಸರ್ಕಾರಕ್ಕೆ ಲೆಕ್ಕ ಕೊಡಬೇಕು.

ಇಲ್ಲಿ ಇನ್ನೊಂದು ಕಾನೂನು ನಡುವೆ ಬರುತ್ತದೆ. ಹಾವು, ಚೇಳು, ನಾಯಿ ಕಡಿದವರನ್ನು ವೈದ್ಯರ ಬಳಿ ಹೋಗದಂತೆ ತಡೆದು ಮಂತ್ರ ಹಾಕುವುದು, ದಾರ ಕಟ್ಟುವುದು ‘ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ’ ತಡೆಯುವ ಕರ್ನಾಟಕದ 2017ರ ಕಾಯ್ದೆಯಡಿ ಅಪರಾಧ. ಮುಟ್ಟಾದ ಹೆಣ್ಣನ್ನು, ಗರ್ಭಿಣಿಯನ್ನು ಬಲವಂತವಾಗಿ ಊರಾಚೆ ಇರಿಸುವುದೂ ಅದೇ ಪಟ್ಟಿಯಲ್ಲಿದೆ. ಶಿಕ್ಷೆ ಒಂದರಿಂದ ಏಳು ವರ್ಷ ಜೈಲು, ಐದು ಸಾವಿರದಿಂದ ಐವತ್ತು ಸಾವಿರ ರೂಪಾಯಿ ದಂಡ. ಕಾಯ್ದೆ ಹಿಡಿಯುವುದು ತಡೆದವರನ್ನು. ಆಸ್ಪತ್ರೆಯಿಂದ ಬಂದ ಮೇಲೆ ದೇವರಿಗೆ ಹಣ್ಣುಕಾಯಿ ಮಾಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೆರಿಗೆಗೆ ಸರ್ಕಾರಿ ಆಸ್ಪತ್ರೆಗೆ ಹೋದರೆ ಖರ್ಚಿಲ್ಲ ಎಂಬುದು ದಯೆಯ ಮಾತಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸಹಜ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ, ಮನೆಯಿಂದ ಕರೆತರುವ ಮತ್ತು ಮರಳಿ ಬಿಡುವ ವಾಹನ ಎಲ್ಲವೂ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನ ಊಟ. ತಾಯಿ ಕಾರ್ಡು ಜೊತೆಗಿರಲಿ. ‘ಖುಷಿಗೆ ಏನಾದ್ರೂ ಕೊಡಿ’ ಎಂದು ಸಿಬ್ಬಂದಿ ಕೈಯೊಡ್ಡಿದರೆ ಅದು ಲಂಚ. ಲೋಕಾಯುಕ್ತಕ್ಕೆ ದೂರು ಕೊಡಬಹುದು.

ಖಾಸಗಿ ಆಸ್ಪತ್ರೆಯ ದೊಡ್ಡ ಖರ್ಚಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ 30ರಷ್ಟು, ಒಂದೂವರೆ ಲಕ್ಷದ ಮಿತಿಯೊಳಗೆ. ಜನ ಎಡವುವುದು ಒಂದೇ ಜಾಗದಲ್ಲಿ: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಆ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ಅವರು ಬರೆದುಕೊಡುವ ರೆಫರಲ್ ಪತ್ರ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ನೇರವಾಗಿ ದಾಖಲಾದವರಿಗೆ, ಯೋಜನೆಯ ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳನ್ನು ಬಿಟ್ಟು, ಸೌಲಭ್ಯ ಸಿಗುವುದಿಲ್ಲ. ಸಹಕಾರ ಸಂಘದ ಸದಸ್ಯರಾಗಿದ್ದು ಯಶಸ್ವಿನಿ ಮಾಡಿಸಿದ್ದರೆ ಅದರ ಆಸ್ಪತ್ರೆಗಳ ಪಟ್ಟಿಯೇ ಬೇರೆ. ಹೊರಡುವ ಮೊದಲು ಕೇಳಿಕೊಳ್ಳಬೇಕು.

ಅಪಘಾತ, ಸುಟ್ಟಗಾಯ, ಎದೆನೋವಿನಂಥ ಹೊತ್ತಿನಲ್ಲಿ ಯೋಜನೆ, ಕಾರ್ಡು ಯಾವುದೂ ಅಡ್ಡಬರಕೂಡದು. ಜೀವ ಉಳಿಸುವ ಚಿಕಿತ್ಸೆ ಮೊದಲು, ಪೊಲೀಸ್ ಕಾಗದಪತ್ರ ಆಮೇಲೆ ಎಂದು 1989ರ ಪರಮಾನಂದ ಕಟಾರಾ ತೀರ್ಪು ಸರ್ಕಾರಿ, ಖಾಸಗಿ ವೈದ್ಯರಿಬ್ಬರಿಗೂ ಹೇಳಿತು. ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿ ತುರ್ತಿನಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯಕೂಡದೆಂದೂ, ಬಾಕಿ ಬಿಲ್ಲಿಗಾಗಿ ಹೆಣ ಹಿಡಿದಿಟ್ಟುಕೊಳ್ಳಕೂಡದೆಂದೂ ಸೇರಿಸಿತು. ಬಾಕಿ ವಸೂಲಿಗೆ ಆಸ್ಪತ್ರೆ ಬೇರೆ ದಾರಿ ನೋಡಿಕೊಳ್ಳಬೇಕು. ಅತ್ಯಾಚಾರಕ್ಕೆ, ಆಸಿಡ್ ದಾಳಿಗೆ ತುತ್ತಾದವರಿಗೆ ಎಲ್ಲ ಆಸ್ಪತ್ರೆಗಳೂ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕೆಂಬುದು ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮು.

ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಹೆಚ್ಚಿನವರು ಓದದೆ ಹೆಬ್ಬೆಟ್ಟು ಒತ್ತುತ್ತಾರೆ. 2008ರ ಸಮೀರಾ ಕೊಹ್ಲಿ ಪ್ರಕರಣವನ್ನು ಇಲ್ಲಿ ನೆನೆಯಬೇಕು: ದುರ್ಬೀನು ಹಾಕಿ ಹೊಟ್ಟೆ ಪರೀಕ್ಷಿಸಲು ಮಹಿಳೆಯೊಬ್ಬರು ಒಪ್ಪಿದ್ದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ವಯಸ್ಕ ರೋಗಿಯ ಬದಲು ಇನ್ನೊಬ್ಬರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಸುಪ್ರೀಂ ಕೋರ್ಟು. ಗಂಡನೋ ಅತ್ತೆಯೋ ಹೆಣ್ಣಿನ ಪರವಾಗಿ ತಲೆಯಾಡಿಸುವ ರೂಢಿ ಇರುವ ಕಡೆ ಈ ತೀರ್ಪು ಗೋಡೆಯ ಮೇಲೆ ಬರೆಸುವಂಥದ್ದು. ಪತ್ರ ಕನ್ನಡದಲ್ಲೋ ತಿಳಿಯುವ ಭಾಷೆಯಲ್ಲೋ ಇರಲಿ ಎಂದು ಕೇಳಬಹುದು. ಬೇರೆ ಡಾಕ್ಟರನ್ನು ಕೇಳಿ ಬರುತ್ತೇವೆ ಎನ್ನಬಹುದು, ಅದಕ್ಕೆ ಯಾರೂ ಮುನಿಯುವಂತಿಲ್ಲ.

ಕೇಸ್ ಶೀಟು, ಲ್ಯಾಬ್ ವರದಿ, ಡಿಸ್ಚಾರ್ಜ್ ಸಾರಾಂಶದ ನಕಲು ಕೇಳಿದ 72 ಗಂಟೆಯೊಳಗೆ ಸಿಗಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ವೈದ್ಯರು ಕಾಪಾಡಬೇಕು. ಕೇಳುವುದು ಬರಹದಲ್ಲಿರಲಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿಯೂ ನಡೆಯುತ್ತದೆ: ಶುಲ್ಕ ಹತ್ತು ರೂಪಾಯಿ, ಗಡುವು 30 ದಿನ, ಬಿಪಿಎಲ್‌ನವರಿಗೆ ಶುಲ್ಕವಿಲ್ಲ.

ತಪ್ಪಾಯಿತು ಎನಿಸಿದರೆ ಎಲ್ಲಿಗೆ ಹೋಗಬೇಕೆಂಬುದು ಏನು ಬೇಕು ಎಂಬುದರ ಮೇಲೆ ನಿಂತಿದೆ. ದರಪಟ್ಟಿ ಇಲ್ಲ, ನೋಂದಣಿ ಇಲ್ಲ, ಬಿಲ್ಲು ಕೊಡಲಿಲ್ಲ ಎಂಬಂಥ ದೂರುಗಳಿಗೆ ಕೆಪಿಎಂಇಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಡಾಕ್ಟರ ನಡತೆಯ ಮೇಲೆ ಕ್ರಮ ಬೇಕಾದರೆ ಬೆಂಗಳೂರಿನ ವೈದ್ಯಕೀಯ ಪರಿಷತ್ತು. ಪರಿಹಾರದ ಹಣ ಬೇಕಾದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗ. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನ ಸೇವೆ ಎಂದು 1995ರ ವಿ.ಪಿ. ಶಾಂತಾ ತೀರ್ಪಿನಿಂದ ನಿಂತಿದೆ. ವಿಮಾ ಕಂಪನಿ ಕೊಟ್ಟರೂ ಅದು ಹಣವೇ. ಎಲ್ಲರಿಗೂ ಉಚಿತವಾಗಿರುವ ಸರ್ಕಾರಿ ಆಸ್ಪತ್ರೆ ಮಾತ್ರ ಇದರ ಹೊರಗೆ. ಅಲ್ಲಿ ಚಿಕಿತ್ಸೆ ಸಿಗದೆ ಹೋದರೆ ಅದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ತೀರ್ಮಾನವಾಗಿದೆ, ಹೈಕೋರ್ಟಿನ ಬಾಗಿಲು ತೆರೆದಿದೆ.

ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಮೂರರಿಂದ ಐದು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳಿದರೂ ಅಷ್ಟರಲ್ಲೇ ಮುಗಿದೀತೆಂದು ನಂಬಿ ಕೂರಬಾರದು. ಗಡಿಯವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಂದು ದೊಡ್ಡ ಅನುಕೂಲ ಮಾಡಿದೆ: ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ರಾಯದುರ್ಗದಲ್ಲಿ ಚಿಕಿತ್ಸೆ ಪಡೆದ ಮೊಳಕಾಲ್ಮುರಿನವರು ಚಿತ್ರದುರ್ಗಕ್ಕೆ ಹೋದರೆ ಸಾಕು. ಕೆಪಿಎಂಇ ಮಾತ್ರ ಗಡಿ ದಾಟುವುದಿಲ್ಲ, ಆಂಧ್ರದ್ದು 2002ರ ಬೇರೆಯೇ ಕಾಯ್ದೆ.

ರೋಗಿ ಗುಣವಾಗಲಿಲ್ಲ ಎಂಬುದಷ್ಟೇ ನಿರ್ಲಕ್ಷ್ಯವಲ್ಲ. ಸಾಮಾನ್ಯ ಜಾಣ್ಮೆಯ ವೈದ್ಯ ಮಾಡುವಷ್ಟನ್ನೂ ಮಾಡಲಿಲ್ಲ ಎಂದು ತೋರಿಸಬೇಕು. ಪೊಲೀಸ್ ಕೇಸಿಗೆ ಇನ್ನೂ ಗಟ್ಟಿಯಾದ ಆಧಾರ ಬೇಕು, ಇನ್ನೊಬ್ಬ ವೈದ್ಯರ ಅಭಿಪ್ರಾಯವೂ ಬೇಕು ಎಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳುತ್ತದೆ. ದುಃಖದಲ್ಲಿ ಆಸ್ಪತ್ರೆಯ ಗಾಜು ಒಡೆದರೆ, ಡಾಕ್ಟರ ಮೇಲೆ ಕೈ ಮಾಡಿದರೆ ಇಂಥ ಹಿಂಸೆ ತಡೆಯುವ ಕರ್ನಾಟಕದ 2009ರ ಕಾಯ್ದೆಯಂತೆ ದೂರುದಾರರೇ ಆರೋಪಿಗಳಾಗುತ್ತಾರೆ.

ಇಷ್ಟೆಲ್ಲ ಓಡಾಟಕ್ಕೆ ಹಣವಿಲ್ಲದವರಿಗೆ ಚಳ್ಳಕೆರೆ, ಮೊಳಕಾಲ್ಮುರು ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗಳಿವೆ, ಫೋನ್ 15100. ಪರಿಶಿಷ್ಟ ಜಾತಿ, ಪಂಗಡದವರು, ಹೆಂಗಸರು, ಮಕ್ಕಳು, ಅಂಗವಿಕಲರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೇಳಬಹುದು. ಅರ್ಜಿ ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿದ್ದರೆ ಸಾಕು, ಬರೆಯಲು ಬಾರದವರು ಬಾಯಲ್ಲಿ ಹೇಳಿದ್ದನ್ನು ಸಮಿತಿಯವರೇ ಬರೆದುಕೊಂಡು ಹೆಬ್ಬೆಟ್ಟು ಪಡೆಯಬೇಕು.