ಲಿನಕ್ಸ್ ವರ್ಚುವಲ್ ಟರ್ಮಿನಲ್: ಲಾಗಿನ್‌ನಿಂದ ಲಾಗ್‌ಔಟ್‌ವರೆಗೆ

ಮುಖ್ಯಾಂಶಗಳು

1. ವರ್ಚುವಲ್ ಟರ್ಮಿನಲ್: ಒಂದೇ ಕೀಬೋರ್ಡ್, ಒಂದೇ ಪರದೆಯಲ್ಲಿ ಹಲವು ಪ್ರತ್ಯೇಕ ಲಾಗಿನ್‌ಗಳಿಗೆ ಅವಕಾಶ.
2. ಲಿನಕ್ಸ್ ಕರ್ನೆಲ್: ಲೀನಸ್ ಟೋರ್ವಾಲ್ಡ್ಸ್, 1991.
3. ಬಾಸ್ ಲಿನಕ್ಸ್: ಭಾರತದ್ದು, ಸಿ-ಡ್ಯಾಕ್, 2007.
4. ಕಾಸರಗೋಡಿನ ಕನ್ನಡ ಮಾಧ್ಯಮ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಬಳಕೆ: ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್.

ಲಾಗಿನ್ ಕ್ರಮ (ಅನುಕ್ರಮ ಪ್ರಶ್ನೆ)

ಗೆಟ್ಟಿ → ಲಾಗಿನ್ → ಶೆಲ್

- ಗೆಟ್ಟಿ: ಟರ್ಮಿನಲ್ ತೆರೆದು ಬಳಕೆದಾರರ ಹೆಸರು ಕೇಳುತ್ತದೆ.
- ಲಾಗಿನ್: ಪಾಸ್‌ವರ್ಡ್ ಪರಿಶೀಲಿಸುತ್ತದೆ.
- ಶೆಲ್: ಆದೇಶಗಳನ್ನು ನಡೆಸುತ್ತದೆ. ಉದಾ: ಬ್ಯಾಶ್.

ಕೀಲಿಗಳು

- ಕಂಟ್ರೋಲ್+ಆಲ್ಟ್+ಎಫ್3: 3ನೇ ಟರ್ಮಿನಲ್‌ಗೆ.
- ಕಂಟ್ರೋಲ್+ಡಿ, ಅಥವಾ 'ಎಕ್ಸಿಟ್' ಆದೇಶ: ಲಾಗ್‌ಔಟ್.

ಲಾಗ್‌ಔಟ್ ನಂತರ

- ಶೆಲ್ ಮುಗಿಯುತ್ತದೆ. ಸೇವೆಗಳನ್ನು ನಿರ್ವಹಿಸುವ ಸಿಸ್ಟಮ್‌ಡಿ ಗೆಟ್ಟಿಯನ್ನು ಮತ್ತೆ ಆರಂಭಿಸುತ್ತದೆ. ಪರದೆಯಲ್ಲಿ ಪುನಃ 'ಲಾಗಿನ್:' ಕಾಣುತ್ತದೆ.

ಗೊಂದಲ ಬೇಡ

- 'ಹೂ' ಆದೇಶ: ಈಗ ಲಾಗಿನ್ ಆಗಿರುವವರು. 'ಲಾಸ್ಟ್': ಹಿಂದಿನ ಲಾಗಿನ್ ದಾಖಲೆ.
- 'ಇಶ್ಯೂ' ಕಡತ: ಲಾಗಿನ್‌ಗೆ ಮೊದಲಿನ ಸಂದೇಶ. 'ಎಂಒಟಿಡಿ': ನಂತರದ ಸಂದೇಶ.
- ಟಿಟಿವೈ: ವರ್ಚುವಲ್ ಕನ್ಸೋಲ್. ಪಿಟಿಎಸ್: ಕಿಟಕಿಯೊಳಗಿನ ಅಥವಾ ಎಸ್‌ಎಸ್‌ಎಚ್ ಮೂಲಕ ಬಂದ ಟರ್ಮಿನಲ್.
- ಲಾಕ್: ಸೆಷನ್ ಮುಂದುವರಿಯುತ್ತದೆ. ಲಾಗ್‌ಔಟ್: ಸೆಷನ್ ಮುಗಿಯುತ್ತದೆ.
- ಬೇರೆ ಟರ್ಮಿನಲ್‌ಗೆ ಹೋದರೆ ಹಿಂದಿನದು ಲಾಗ್‌ಔಟ್ ಆಗುವುದಿಲ್ಲ. ಹೆಚ್ಚು ತಪ್ಪುವ ಪ್ರಶ್ನೆ.

ನೆನಪಿಡಿ: ಶಾಗ್ಯ, ಹನೂರು, ಕೊಳ್ಳೇಗಾಲದ ಅಭ್ಯರ್ಥಿಗಳೇ, ಹಲವರು ಬಳಸುವ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುವಾಗ ತೆರೆದ ಪ್ರತಿ ಟರ್ಮಿನಲ್‌ನಿಂದಲೂ ಲಾಗ್‌ಔಟ್ ಆಗಿಯೇ ಏಳಿ.