ಬಿಟ್ಟದ್ದರ ಲೆಕ್ಕವೂ ಇರಲಿ

ಸ್ಕ್ರೀನಿಂಗ್ ಶುರು ಮಾಡುತ್ತೇನೆ ಎಂದೆಯಲ್ಲ ಮಗಳೇ, ಸಂತೋಷ. ಸಾವಿರಾರು ಶೀರ್ಷಿಕೆ, ಸಾರಾಂಶ ಓದಿ ಇಪ್ಪತ್ತೋ ಮೂವತ್ತೋ ಲೇಖನ ಉಳಿಸಿಕೊಳ್ಳುವುದು ಕಣ್ಣು ಬಾಡುವ ಕೆಲಸ. ಆದರೆ ಉಳಿದಷ್ಟನ್ನೇ ಡೌನ್‌ಲೋಡ್ ಮಾಡಿ ಕೈತೊಳೆದುಕೊಳ್ಳಬೇಡ. ಮೊರದಲ್ಲಿ ಕೇರುವವರು ಕಾಳು ಇಟ್ಟುಕೊಂಡು ಹೊಟ್ಟು ತೂರುತ್ತಾರೆ. ನಮ್ಮಲ್ಲಿ ಹೊಟ್ಟನ್ನೂ ಕಟ್ಟಿಡಬೇಕು, ಯಾಕೆ ತೂರಿದೆವು ಎಂಬ ಚೀಟಿಯ ಸಮೇತ.

ತನಗೆ ಒಪ್ಪಿದ ಲೇಖನಗಳನ್ನು ಆಯ್ದು ಬರೆಯುವುದು ಯಾರಿಗೂ ಬರುತ್ತದೆ. ಸಿಸ್ಟಮ್ಯಾಟಿಕ್ ರಿವ್ಯೂಗೆ ಬೆಲೆ ಬರುವುದು ಬಿಟ್ಟದ್ದಕ್ಕೂ ಉತ್ತರ ಕೊಡಬಲ್ಲದು ಎಂಬುದರಿಂದ. ಇಂಥ ರಿವ್ಯೂಗಳ ವರದಿಗೆ ಇರುವ ಮಾರ್ಗಸೂಚಿ ಪ್ರಿಸ್ಮಾ 2020 ಕೇಳುವುದೂ ಅದನ್ನೇ: ಪ್ರತಿ ಹಂತದಲ್ಲಿ ಎಷ್ಟು ಬಂತು, ಎಷ್ಟು ಹೋಯಿತು, ಒಳಗಿರಬೇಕಿತ್ತು ಎನಿಸುವಂಥ ಅಧ್ಯಯನವನ್ನು ಬಿಟ್ಟಿದ್ದರೆ ಅದು ಯಾವುದು, ಕಾರಣವೇನು.

ಆದ್ದರಿಂದ ಸ್ಕ್ರೀನಿಂಗ್ ಮಾಡುವ ರಯ್ಯಾನ್ ತಂತ್ರಾಂಶದಿಂದ ಮೂರು ಸಲ ಎಕ್ಸ್‌ಪೋರ್ಟ್ ಮಾಡು. ಡೂಪ್ಲಿಕೇಟ್ ತೆಗೆದ ಕೂಡಲೇ ಒಂದು. ನೀನೂ ನಿನ್ನ ಜೊತೆಗಾರರೂ ಇಬ್ಬರೂ ಶೀರ್ಷಿಕೆ–ಸಾರಾಂಶ ನೋಡಿ ಮುಗಿಸಿದಾಗ ಇನ್ನೊಂದು. ಪೂರ್ಣ ಲೇಖನಗಳ ತೀರ್ಮಾನ ಆದಮೇಲೆ ಮತ್ತೊಂದು. ನಡುವಿನದರಲ್ಲಿ ಎಚ್ಚರವಿರಲಿ. ರಯ್ಯಾನ್‌ನಲ್ಲಿ ಬ್ಲೈಂಡ್ ಆನ್ ಇರುವಷ್ಟು ಹೊತ್ತು ಜೊತೆಗಾರರ ತೀರ್ಮಾನ ನಿನಗೆ ಕಾಣದು. ಅದನ್ನು ತೆಗೆದ ಮೇಲೆ, ಭಿನ್ನಾಭಿಪ್ರಾಯ ಬಗೆಹರಿಸಲು ಕೂರುವ ಮುನ್ನವೇ, ಫೈಲು ಇಳಿಸಿಕೋ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಳೆಯುವುದು ಇಬ್ಬರು ಬೇರೆಬೇರೆಯಾಗಿ ಕೊಟ್ಟ ತೀರ್ಪು ಎಷ್ಟು ಹೊಂದುತ್ತದೆ ಎಂಬುದನ್ನು. ಕೂತು ಮಾತಾಡಿ ಒಂದಾದ ಮೇಲೆ ಲೆಕ್ಕ ಹಾಕಿದರೆ ಹೊಂದಾಣಿಕೆ ನೂರಕ್ಕೆ ನೂರು ಬಂದೀತು, ಆದರೆ ಅದಕ್ಕೆ ಅರ್ಥವಿರದು.

ಫೈಲು ಆರ್‌ಐಎಸ್ ರೂಪದಲ್ಲಿ ಬೇಕೋ ಸಿಎಸ್‌ವಿ ರೂಪದಲ್ಲಿ ಬೇಕೋ ಎಂದು ಕೇಳಿದ್ದೆ. ಎರಡೂ ಬೇಕು. ಝೊಟೆರೊ, ಎಂಡ್‌ನೋಟ್‌ಗಳಿಗೆ ಆರ್‌ಐಎಸ್ ಸಲೀಸು. ಆದರೆ ಅದು ಹುಟ್ಟಿದ್ದು ಲೇಖಕ, ಶೀರ್ಷಿಕೆ, ಪತ್ರಿಕೆ, ವರ್ಷಗಳ ವಿವರ ಸಾಗಿಸಲು. ಒಳಗೆ–ಹೊರಗೆ ಎಂಬ ತೀರ್ಪಿಗೆ ಅದರಲ್ಲಿ ಸ್ವಂತ ಜಾಗವಿಲ್ಲ. ತೀರ್ಪು ಬಂದರೂ ಟಿಪ್ಪಣಿಯ ಮೂಲೆಯಲ್ಲಿ ತುರುಕಿಕೊಂಡು ಬರುತ್ತದೆ. ಸಿಎಸ್‌ವಿಯಲ್ಲೂ ರಯ್ಯಾನ್ ಯಾರ ತೀರ್ಪು ಏನು, ಕಾರಣವೇನು ಎಂಬುದನ್ನು ನೋಟ್ಸ್ ಅಂಕಣದಲ್ಲೇ ಒಟ್ಟಾಗಿ ಪೋಣಿಸುತ್ತದೆ. ಕೂತು ಬಿಡಿಸಿ ಬೇರೆಬೇರೆ ಅಂಕಣ ಮಾಡಿಕೋ.

ಆ ಸಿಎಸ್‌ವಿಯ ಮೇಲೆ ಡಬಲ್ ಕ್ಲಿಕ್ ಮಾತ್ರ ಮಾಡಬೇಡ. 3–12ನೇ ಪುಟ ಎಂಬುದನ್ನು ಎಕ್ಸೆಲ್ ತಾರೀಖು ಎಂದುಕೊಂಡೀತು. ಎಕ್ಸೆಲ್‌ನ ಈ ಚಾಳಿಯ ಕಾಟ ಎಷ್ಟೆಂದರೆ, ತಿಂಗಳ ಹೆಸರಿನಂತೆ ಕಾಣುತ್ತಿದ್ದ ಕೆಲವು ಮಾನವ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಜೀನುಗಳ ನಾಮಕರಣ ಸಮಿತಿ 2020ರ ಮಾರ್ಗಸೂಚಿಯಲ್ಲಿ ಹಾಗೆಂದು ಪ್ರಕಟಿಸಿತು. ಹಾಗೆ ನೇರವಾಗಿ ತೆರೆದರೆ ಜರ್ಮನ್ ಲೇಖಕರ ಹೆಸರೂ ನಿನ್ನ ಕನ್ನಡ ಟಿಪ್ಪಣಿಯೂ ಕಲಸುಮೇಲೋಗರವಾದಾವು. ಡೇಟಾ ಮೆನುವಿನಿಂದ ಆಮದು ಮಾಡಿ, ಯುಟಿಎಫ್–8 ಆರಿಸಿ, ಅಂಕಣಗಳನ್ನು ಟೆಕ್ಸ್ಟ್ ಎಂದು ಗುರುತಿಸು. ಮೂಲ ಫೈಲನ್ನು ಮುಟ್ಟಬೇಡ. ನಕಲಿನಲ್ಲಿ ಕೆಲಸ ಮಾಡು.

ಕಾರಣಗಳ ಪಟ್ಟಿಯನ್ನು ಪೂರ್ಣ ಲೇಖನ ಓದುವ ಮೊದಲೇ ಇಬ್ಬರೂ ಒಪ್ಪಿ ಬರೆದಿಡಿ, ಕ್ರಮವನ್ನೂ ನಿಗದಿ ಮಾಡಿ. ಒಂದು ಲೇಖನಕ್ಕೆ ನಾಲ್ಕು ಕಾರಣ ಹೊಂದಿದರೂ ಕ್ರಮದಲ್ಲಿ ಮೊದಲು ಬರುವುದೊಂದನ್ನೇ ದಾಖಲಿಸಿ. ಇಲ್ಲವಾದರೆ ಕೊನೆಯಲ್ಲಿ ಮೊತ್ತ ಕೂಡುವುದಿಲ್ಲ. ಸಿಗದೇ ಹೋದ ಲೇಖನವನ್ನು ಬಿಟ್ಟ ಲೇಖನ ಎಂದು ಬರೆಯಬೇಡಿ. ಪ್ರಿಸ್ಮಾ ಚಿತ್ರದಲ್ಲಿ ಅದಕ್ಕೆ ಬೇರೆ ಚೌಕವಿದೆ.

ರಯ್ಯಾನ್‌ಗೆ ಕಾಲೇಜಿನ ಚಂದಾ ಇವತ್ತು ಇದೆ, ನಾಳೆ ಇರುತ್ತದೆಂದು ಹೇಳಲಾಗದು. ಫೈಲುಗಳನ್ನು ಝೆನೊಡೊದಂಥ ಸಾರ್ವಜನಿಕ ಭಂಡಾರದಲ್ಲಿ ಇಡು. ಇಡುವ ಮೊದಲು ಸಾರಾಂಶದ ಅಂಕಣ ತೆಗೆ, ಅದರ ಹಕ್ಕು ಪ್ರಕಾಶಕರದ್ದಾಗಿರಬಹುದು. ಜೊತೆಗಾರರ ಹೆಸರಿನ ಜಾಗದಲ್ಲಿ ಒಂದನೆಯವರು, ಎರಡನೆಯವರು ಎಂದು ಹಾಕು. ಶೀರ್ಷಿಕೆ, ಡಿಒಐ, ತೀರ್ಮಾನ, ಕಾರಣ ಇಷ್ಟಿದ್ದರೆ, ನಾಲ್ಕು ವರ್ಷದ ನಂತರ ಈ ರಿವ್ಯೂವನ್ನು ಮುಂದುವರಿಸುವವರು ಅಷ್ಟನ್ನೂ ಮತ್ತೆ ಓದಬೇಕಿಲ್ಲ.

ವೈವಾದಲ್ಲಿ ಪರೀಕ್ಷಕರು "ಈ ಪೇಪರ್ ಯಾಕಮ್ಮ ಇಲ್ಲ?" ಎಂದಾರು. ಫೈಲು ತೆರೆದು ಕಾರಣ ತೋರಿಸು. ಆ ಕಾರಣವೇ ಸರಿಯಲ್ಲವೆಂದು ಅವರು ಮನಗಾಣಿಸಿದರೆ ಒಪ್ಪಿಕೊಂಡು ತಿದ್ದು. ನಮ್ಮ ತೀರ್ಮಾನ ತಪ್ಪಾಗಬಾರದು ಎಂದು ಯಾರೂ ಕೇಳುವುದಿಲ್ಲ. ತಪ್ಪಿದ್ದರೆ ಇನ್ನೊಬ್ಬರಿಗೆ ಹುಡುಕಲು ಸಿಗಬೇಕು ಎಂದಷ್ಟೇ ಕೇಳುತ್ತಾರೆ.